ರಟ್ಟಿನಲ್ಲೊಂದು ಕಾರು, ಒಳಗೊಂದು ಕಾರು

ಮಂಡ್ಯದ ಓದುಗರೊಬ್ಬರ ಪತ್ರ: ಮೈಸೂರಿನ ಅಂಗಡಿಯಿಂದ ಮಗನಿಗಾಗಿ ತಂದ ಹಾಟ್ ವೀಲ್ಸ್ ಆಟಿಕೆ ಕಾರಿನ ಪೊಟ್ಟಣದ ರಟ್ಟಿನ ಮೇಲೆ ಒಂದು ಕಾರಿನ ಹೆಸರು, ಒಳಗೆ ಇನ್ನೊಂದು ಕಾರು. ‘ಕಾರ್ಖಾನೆಯ ತಪ್ಪು, ಮುಂದೆ ಸಾವಿರಾರು ರೂಪಾಯಿ ಬಾಳುತ್ತದೆ, ಬಿಚ್ಚಬೇಡಿ’ ಎಂದು ಗೆಳೆಯರು. ಬಿಚ್ಚಿ ಕೊಡು ಎಂದು ಮಗ. ಏನು ಮಾಡಲಿ?

ಸಂಪಾದಕರ ಉತ್ತರ: ಮಗನಿಗೆ ಕೊಡಿ.

ತಪ್ಪಿಗೆ ಬೆಲೆ ಬರುವುದು ಸುಳ್ಳೇನಲ್ಲ. 1918ರಲ್ಲಿ ಅಮೆರಿಕದ 24 ಸೆಂಟಿನ ಅಂಚೆಚೀಟಿಯಲ್ಲಿ ವಿಮಾನ ತಲೆಕೆಳಗಾಗಿ ಅಚ್ಚಾಯಿತು. ಜನರ ಕೈಗೆ ಸಿಕ್ಕಿದ್ದು 100 ಚೀಟಿಗಳ ಒಂದೇ ಹಾಳೆ. 2023ರ ಹರಾಜಿನಲ್ಲಿ ಅದರ ಒಂದು ಚೀಟಿ ಸುಮಾರು 20 ಲಕ್ಷ ಡಾಲರಿಗೆ ಹೋಯಿತು. ಆದರೆ 1962ರಲ್ಲಿ, ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಡಾಗ್ ಹ್ಯಾಮರ್‌ಶೋಲ್ಡ್ ಸ್ಮರಣೆಯ ಚೀಟಿಯಲ್ಲಿ ಹಳದಿ ಬಣ್ಣ ತಿರುವುಮುರುವಾದಾಗ ಅದೇ ದೇಶದ ಅಂಚೆ ಇಲಾಖೆ ಬೇಕೆಂದೇ ಆ ತಪ್ಪನ್ನು ಕೋಟಿಗಟ್ಟಲೆ ಅಚ್ಚು ಹಾಕಿ ಹಂಚಿತು. ಅಪರೂಪ ಎನ್ನುವುದು ಅಲ್ಲಿಗೆ ಮುಗಿಯಿತು.

ನಿಮ್ಮ ಕಾರಿನ ತೊಡಕು ಇನ್ನೂ ದೊಡ್ಡದು. ಚೀಟಿಯ ತಪ್ಪು ಕಾಗದದಲ್ಲಿ ಇಳಿದ ಮಸಿಯಲ್ಲೇ ಇದೆ, ಆಮೇಲೆ ಅದನ್ನು ತಂದು ಸೇರಿಸುವುದು ಸುಲಭವಲ್ಲ. ನಿಮ್ಮ ಪೊಟ್ಟಣದ ತಪ್ಪು ಇರುವುದು ರಟ್ಟಿಗೂ ಕಾರನ್ನು ಮುಚ್ಚಿರುವ ಪ್ಲಾಸ್ಟಿಕ್ ಗುಳ್ಳೆಗೂ ನಡುವಿನ ಅಂಟಿನಲ್ಲಿ. ಆ ಅಂಟನ್ನು ಬಿಡಿಸಿ, ಕಾರು ಬದಲಿಸಿ, ಮತ್ತೆ ಅಂಟಿಸುವ ಕೈಚಳಕದವರು ಎಲ್ಲ ಊರಿನಲ್ಲೂ ಇದ್ದಾರೆ. ಹಾಗಾಗಿ ಬಲ್ಲ ಸಂಗ್ರಾಹಕ ಮೊದಲು ನೋಡುವುದು ಗುಳ್ಳೆಯ ಅಂಚನ್ನು: ರಟ್ಟಿನ ಮೇಲ್ಪದರ ಕಿತ್ತಿದೆಯೇ, ಅಂಟು ಹೊರಗೆ ಹರಡಿದೆಯೇ ಎಂದು. ಅನುಮಾನ ಬಂದರೆ ಕೊಳ್ಳುವುದಿಲ್ಲ. ಬರದಿದ್ದರೂ, ಒಳಗಿರುವುದು ದಿನವೂ ಮಾರಾಟವಾಗುವ ಸಾಧಾರಣ ಕಾರಾದರೆ ನಾಲ್ಕು ಕಾಸು ಹೆಚ್ಚು ಕೊಟ್ಟಾನು, ಅಷ್ಟೇ. ಕಾರಿನಲ್ಲೇ ದೋಷವಿದ್ದರೆ, ಅಂದರೆ ಒಂದು ಗಾಲಿ ಬೇರೆ ಬಗೆಯದಿದ್ದರೆ ಅಥವಾ ಒಂದು ಬದಿಯ ಚಿತ್ತಾರವೇ ಅಚ್ಚಾಗದಿದ್ದರೆ, ಆಸಕ್ತಿ ತುಸು ಹೆಚ್ಚು.

ನಕಲಿಯ ಭಯ ಬೇರೆ ಆಟಿಕೆಗಳಲ್ಲೂ ಇದೆ. ಕೆನ್ನರ್ ಕಂಪನಿ 1978ರಲ್ಲಿ ತಂದ ಸ್ಟಾರ್ ವಾರ್ಸ್‌ನ ‘ಜಾವಾ’ ಎಂಬ ಸಿನಿಮಾ ಪಾತ್ರದ ಗೊಂಬೆಗೆ ಮೊದಲು ಪ್ಲಾಸ್ಟಿಕ್ ಮೇಲಂಗಿ ಇತ್ತು, ಬೇಗನೆ ಬಟ್ಟೆಯದು ಬಂತು. ಪ್ಲಾಸ್ಟಿಕ್ಕಿನದು ಇಂದು ಬಹು ದುಬಾರಿ. ಅದು ತಪ್ಪಲ್ಲ, ಕಂಪನಿಯೇ ಮಾಡಿದ ಬದಲಾವಣೆ. ಆದರೂ ನಕಲಿ ಮೇಲಂಗಿಗಳ ಕಾಟ ಎಷ್ಟೆಂದರೆ, ತಿಳಿದವರಿಗೆ ತೋರಿಸದೆ ಯಾರೂ ಹಣ ಬಿಚ್ಚುವುದಿಲ್ಲ.

ಒಂದೇ ಅಚ್ಚಿನ ಲಕ್ಷಾಂತರ ಸಾಮಾನು ಬರುವಲ್ಲಿ ಮಾತ್ರ ತಪ್ಪು ಎದ್ದು ಕಾಣುತ್ತದೆ. ನಿಮ್ಮೂರಿನಿಂದ ಬೆಂಗಳೂರಿನ ರೈಲು ಹತ್ತಿದರೆ ಸಿಗುವ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ, ಒಂದರಂತೆ ಇನ್ನೊಂದಿಲ್ಲ. ಅಲ್ಲಿ ಬೆಲೆ ಕೈಕೆಲಸಕ್ಕೆ. ನನಗೆ ಆ ಲೆಕ್ಕವೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಮನಸ್ಸು ಒಪ್ಪದಿದ್ದರೆ ಹದಿನೈದು ದಿನ ತಡೆಯಿರಿ. ಬಿಚ್ಚದೆ ನಾಲ್ಕೂ ಕಡೆಯಿಂದ ಚಿತ್ರ ತೆಗೆದು, ಅಂಗಡಿಯ ರಸೀದಿಯೊಂದಿಗೆ ಇಬ್ಬರು ಸಂಗ್ರಾಹಕರಿಗೆ ತೋರಿಸಿ. ಯಾರಾದರೂ ‘ಭಾರಿ ಬೆಲೆ ಕೊಡಿಸುತ್ತೇನೆ, ಮೊದಲು ನೋಂದಣಿ ಶುಲ್ಕ ಕಳಿಸಿ’ ಎಂದರೆ ಒಂದು ಪೈಸೆಯನ್ನೂ ಕಳಿಸಬೇಡಿ. ಅವರಿಬ್ಬರೂ ಬೆಲೆ ಹೇಳದಿದ್ದರೆ ಹದಿನಾರನೆಯ ದಿನ ಕಾರು ಹುಡುಗನ ಕೈಯಲ್ಲಿರಲಿ.