ತಾನಾಗಿ ಸಿಕ್ಕ ಶಾಟ್ ಎಡಿಟಿಂಗ್‌ನಲ್ಲಿ ನಿಲ್ಲಬೇಕಾದರೆ

ಕಲಬುರಗಿ ಸುತ್ತಮುತ್ತ ಐದಾರು ಮಂದಿ ಸೇರಿ ಕಡಿಮೆ ಖರ್ಚಿನಲ್ಲಿ ಸಿನಿಮಾ ಮಾಡುತ್ತಿದ್ದೀರಿ. ಶೂಟಿಂಗ್ ವೇಳೆ ಅಚಾನಕ್ಕಾಗಿ ಒದಗಿ ಬರುವುದನ್ನು ಹೇಗೆ ಬಳಸಿಕೊಳ್ಳಬೇಕು, ಯಾವುದು ಕೈಕೊಡುತ್ತದೆ ಎಂದು ಕೇಳಿದ್ದೀರಿ. ಅಂಥ ಶಾಟ್ ಸಿಗುವುದು ಕಷ್ಟವಲ್ಲ, ಹಿಂದುಮುಂದಿನ ಶಾಟ್‌ಗಳ ಜೊತೆ ಅದನ್ನು ಕೂಡಿಸುವುದೇ ಕಷ್ಟ.

ತೊಗರಿ ಹೊಲದಲ್ಲಿ ಇಬ್ಬರು ಮಾತಾಡುತ್ತಿರುವಾಗ ಹಿಂದಿನಿಂದ ಕುರಿ ಹಿಂಡು ಬಂತು, ಧೂಳೆದ್ದಿತು, ಇಳಿಬಿಸಿಲು ಅದರಲ್ಲಿ ಹೊಳೆಯಿತು ಅಂತಿಟ್ಟುಕೊಳ್ಳಿ. 'ಕಟ್' ಅನ್ನಬೇಡಿ. ಮಾತು ಮುಗಿದ ಮೇಲೂ ಹತ್ತು ಸೆಕೆಂಡ್ ಕ್ಯಾಮೆರಾ ಓಡಲಿ. ಏನೇ ಬಂದರೂ ಪಾತ್ರ ಬಿಡಬಾರದು, ಲೆನ್ಸ್ ಕಡೆ ನೋಡಬಾರದು ಎಂದು ನಟರಿಗೆ ಬೆಳಿಗ್ಗೆಯೇ ಹೇಳಿಟ್ಟಿರಬೇಕು. ಹಿಂಡು ದೂರ ಸರಿಯುವುದರೊಳಗೆ ನಟರು ಅತ್ತ ತಿರುಗಿ ನೋಡುವ ಕ್ಲೋಸಪ್ ಒಂದು, ಬರೀ ಕುರಿಗಳ ಶಾಟ್ ಒಂದು ತೆಗೆಯಿರಿ. ಗೊರಸಿನ ಸದ್ದು, ಕುರಿ ಕಾಯುವವರ ಕೂಗು ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಆಗಲಿ. ಇವಿಲ್ಲದಿದ್ದರೆ ಎದುರು ಕೋನದ ಶಾಟ್‌ನಲ್ಲಿ ಕುರಿಯೂ ಇಲ್ಲ, ಧೂಳೂ ಇಲ್ಲ; ಅಷ್ಟು ಚೆಂದದ ಶಾಟ್ ಕಿತ್ತುಹಾಕಬೇಕಾಗುತ್ತದೆ. ಮುಖ ಕಂಡವರಿಂದ ಅಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ. ಥಿಯೇಟರಿಗೆ ಹೋಗುವ ಚಿತ್ರವಾದರೆ ಸೆನ್ಸಾರ್ ಹಂತದಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳುವ ಸಾಧ್ಯತೆ ಇದೆ, ಅದಕ್ಕೂ ಸಿದ್ಧರಿರಿ. ಇನ್ನೊಂದು ಮಾತು: ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಯಾಗುತ್ತದೆ. ಉಳಿದ ಶಾಟ್ ಆಮೇಲೆ ತೆಗೆಯೋಣ ಅಂದರೆ ಹೊಲ ಬೋಳಾಗಿರುತ್ತದೆ.

ನಿಜವಾಗಿ ಸಿನಿಮಾ ಸೋಲುವುದು ಸೌಂಡ್‌ನಲ್ಲಿ. ನಮ್ಮ ಕಡೆ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಎಷ್ಟೋ ಕಡೆ ಗೋಡೆಗೂ ಅದೇ. ನುಣುಪು ಕಲ್ಲಿಗೆ ಬಡಿದು ಮಾತು ಗುಂಯ್‌ಗುಡುತ್ತದೆ, ಆ ಗುಂಯ್ ಆಮೇಲೆ ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿರುವ ಕೌದಿಗಳೇ ಇದಕ್ಕೆ ಒಳ್ಳೆಯ ಮದ್ದು: ಎರಡು ನೆಲಕ್ಕೆ ಹಾಸಿ, ಎರಡನ್ನು ಫ್ರೇಮಿನ ಹೊರಗೆ ನಟರ ಎದುರು ಹಗ್ಗಕ್ಕೆ ನೇತುಹಾಕಿ. ಮೈಕ್ ಬಾಯಿಂದ ಒಂದು-ಒಂದೂವರೆ ಅಡಿ ದೂರದಲ್ಲಿರಲಿ. ಫ್ಯಾನ್, ಕೂಲರ್, ಫ್ರಿಜ್ ಬಂದ್ ಮಾಡಿ, ದೃಶ್ಯ ಮುಗಿದ ಮೇಲೆ ಎಲ್ಲರೂ ಸುಮ್ಮನೆ ನಿಂತು ಆ ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ; ಕತ್ತರಿಸಿದ ಕಡೆಯೆಲ್ಲ ತೇಪೆಗೆ ಅದೇ ಬೇಕು. ಆಜಾನ್, ಗುಡಿ ಗಂಟೆ ಕೇಳಿದರೆ ಮಾತು ನಿಲ್ಲಿಸಿ, ಅದನ್ನು ಮೊದಲಿಂದ ಕೊನೆವರೆಗೆ ಹಿಡಿದಿಟ್ಟುಕೊಳ್ಳಿ, ಸಂಜೆಯ ದೃಶ್ಯಕ್ಕೆ ಬೆಲೆಯುಳ್ಳ ಸದ್ದು ಅದು. ಚಹಾದಂಗಡಿ ಸ್ಪೀಕರಿನ ಸಿನಿಮಾ ಹಾಡಿನ ಮೇಲೆ ಮಾತ್ರ ಸಂಭಾಷಣೆ ತೆಗೆಯಲೇಬೇಡಿ. ಹಾಡಿನ ಹಕ್ಕು ನಿಮ್ಮದಲ್ಲ; ಮೇಲಾಗಿ ಶಾಟ್ ಬದಲಾದಾಗಲೆಲ್ಲ ಹಾಡು ಹಾರುತ್ತದೆ.

ಮೊಬೈಲಿನಲ್ಲಿ ತೆಗೆಯುವುದಾದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಎಂದು ಲಾಕ್ ಮಾಡಿ; ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹೊಂದದ ಶಟರ್ ಇಟ್ಟರೆ ಕೆಲವು ಎಲ್‌ಇಡಿ ಬಲ್ಬ್ ಮಿನುಗುತ್ತವೆ. ಮೊಬೈಲಿನ ಫ್ರೇಮ್ ವೇಗ ಒಳಗೊಳಗೇ ಏರಿಳಿಯುವುದರಿಂದ ಬೇರೆ ರೆಕಾರ್ಡರಿನ ಧ್ವನಿ ತುಟಿಗೆ ಹೊಂದದೆ ಜಾರುತ್ತದೆ. ಎಡಿಟ್‌ಗೆ ಮುಂಚೆಯೇ ಎಲ್ಲವನ್ನೂ ಸ್ಥಿರ 25 ಫ್ರೇಮಿಗೆ ಪರಿವರ್ತಿಸಿ. ಮೇ ತಿಂಗಳ ಮಧ್ಯಾಹ್ನ ಮೊಬೈಲ್ ಕಾದು ತಾನೇ ನಿಲ್ಲುತ್ತದೆ, ಹೊರಗಿನ ದೃಶ್ಯಗಳನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಬೀದರ್ ಕೋಟೆ, ಕಲಬುರಗಿ ಕೋಟೆ ಎರಡೂ ಕೇಂದ್ರ ಪುರಾತತ್ವ ಇಲಾಖೆಯವು. ಕಥಾಚಿತ್ರಕ್ಕೆ ಮುಂಚಿತ ಪರವಾನಗಿ ಬೇಕೇ ಬೇಕು, ಕಾವಲಿನವರ ಮೌಖಿಕ ಒಪ್ಪಿಗೆ ಸಾಲದು. ಬೀದರಿನಲ್ಲಿ ವಾಯುಪಡೆ ನೆಲೆ ಇದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣ. ಡ್ರೋನ್ ಬಾಡಿಗೆಗೆ ಮುಂಗಡ ಕೊಡುವ ಮೊದಲು ಡಿಜಿಟಲ್ ಸ್ಕೈ ಎಂಬ ಸರ್ಕಾರದ ಆನ್‌ಲೈನ್ ಡ್ರೋನ್ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ: ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಹಳದಿಗೆ ವಿಮಾನ ಸಂಚಾರ ನಿಯಂತ್ರಣದವರದು.