ಬೇಕರಿ ಎಸೆನ್ಸ್‌ನಿಂದ ಮನೆಯಲ್ಲೇ ವೇಪ್ (ಇ-ಸಿಗರೇಟ್) ದ್ರಾವಣ ಮಾಡಬಹುದೇ? ಯಾವ ಫ್ಲೇವರ್ ಒಳ್ಳೆಯದು? (ದಾವಣಗೆರೆ)

ಯಾವುದೂ ಬೇಡ. ಬಾಟಲಿಯ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತಿದ್ದರೆ ಅದು ತಿನ್ನುವ ಪದಾರ್ಥಕ್ಕೆ ಎಂದಷ್ಟೇ ಅರ್ಥ. ಕಾಯಿಸಿ ಆವಿ ಎಳೆದುಕೊಳ್ಳುವುದನ್ನು ಅಲ್ಲಿ ಯಾರೂ ಪರೀಕ್ಷಿಸಿರುವುದಿಲ್ಲ.

ನಮ್ಮೂರ ಬೆಣ್ಣೆಯನ್ನೇ ನೋಡಿ. ಅದರ ಘಮಕ್ಕೆ ಒಂದು ಮುಖ್ಯ ಕಾರಣ ಡೈಅಸಿಟೈಲ್ ಎಂಬ ರಾಸಾಯನಿಕ. ದೋಸೆಯ ಜೊತೆ ಹೊಟ್ಟೆಗೆ ಹೋದರೆ ಅದರಿಂದ ತೊಂದರೆಯಿಲ್ಲ. ಆದರೆ ಬೆಣ್ಣೆ ಫ್ಲೇವರ್‌ನ ಆವಿಯನ್ನು ದಿನವೂ ಉಸಿರಾಡಿದ ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು, ಕಲೆಗಟ್ಟಿ ಕಿರಿದಾದವು. ಇದು ಬೆಳಕಿಗೆ ಬಂದದ್ದು 2000ರಲ್ಲಿ. ಹಾಗೆ ಹಾಳಾದ ನಾಳ ಮತ್ತೆ ಮೊದಲಿನಂತಾಗುವುದಿಲ್ಲ. ಕಸ್ಟರ್ಡ್, ಕ್ಯಾರಮೆಲ್ ಫ್ಲೇವರ್‌ಗಳಲ್ಲೂ ಇದೇ ರಾಸಾಯನಿಕ ಇರಬಹುದು. ಇದು ಇಲ್ಲವೆಂದು ಬರೆದಿದ್ದರೂ ನಂಬಿ ಕೂರಬೇಡಿ, ಬದಲಿಗೆ ಹಾಕುವ ಅಸಿಟೈಲ್ ಪ್ರೊಪಿಯೊನಿಲ್ ಕೂಡ ಅದೇ ಜಾತಿಯದು. ಎಣ್ಣೆಯಲ್ಲಿ ಕರಗಿಸಿದ ಎಸೆನ್ಸ್ ಅಂತೂ ಇನ್ನೊಂದು ಗಂಡಾಂತರ: ಎಣ್ಣೆ ಶ್ವಾಸಕೋಶ ಸೇರಿದರೆ ಒಂದು ಬಗೆಯ ನ್ಯುಮೋನಿಯಾ ಬರಬಹುದು. ದಾಲ್ಚಿನ್ನಿ ಫ್ಲೇವರ್‌ನಲ್ಲಿರುವ ಸಿನ್ನಮಾಲ್ಡಿಹೈಡ್ ಶ್ವಾಸನಾಳದ ಜೀವಕೋಶಗಳಿಗೆ ಹಾನಿಕರ ಎಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಕಾನೂನೂ ಇದೆ. 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟ್ ತಯಾರಿಕೆ, ಮಾರಾಟ, ದಾಸ್ತಾನು ಎಲ್ಲವೂ ನಿಷಿದ್ಧ. ನಿಕೋಟಿನ್ ಇಲ್ಲ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ತಯಾರಿಕೆ, ಮಾರಾಟದ ಮೊದಲ ಅಪರಾಧಕ್ಕೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಸಿಗರೇಟ್ ಬಿಡಲೆಂದು ಈ ದಾರಿ ಹುಡುಕುತ್ತಿದ್ದರೆ ದಯವಿಟ್ಟು ತಂಬಾಕು ತ್ಯಜಿಸುವವರ ರಾಷ್ಟ್ರೀಯ ಉಚಿತ ಸಹಾಯವಾಣಿ 1800-112-356ಕ್ಕೆ ಕರೆ ಮಾಡಿ. ನಿಕೋಟಿನ್ ಗಮ್ ಬಗ್ಗೆ ವೈದ್ಯರನ್ನೂ ಕೇಳಿ.