ವಕೀಲರನ್ನು ಹಿಡಿಯುವ ಮೊದಲು: ಪಹಣಿ ತಗೊಂಡು ಹೋಗಿ

ಅಕ್ಕಾ, ಅಪ್ಪನ ತೋಟದಲ್ಲಿ ಪಾಲು ಕೇಳಲು ವಿರಾಜಪೇಟೆಯಲ್ಲಿ ವಕೀಲರನ್ನು ಹಿಡಿಯುವ ಮೊದಲು ಏನು ಕೇಳಬೇಕು, ಫೀಸಿನ ಬದಲು ಗೆದ್ದ ಜಾಗದಲ್ಲಿ ಪಾಲು ಕೇಳಿದರೆ ಒಪ್ಪಬಹುದಾ ಎಂದು ಕೇಳಿದ್ದೀರಿ.

ದಯವಿಟ್ಟು ಒಪ್ಪಬೇಡಿ. ಗೆದ್ದರೆ ಇಷ್ಟು ಎಂದು ಫೀಸು ಗೊತ್ತುಮಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಒಟ್ಟು ಫೀಸು ಎಷ್ಟು, ಕೋರ್ಟ್ ಶುಲ್ಕ ಅದರಲ್ಲಿ ಸೇರಿದೆಯಾ, ಅಪೀಲಿಗೆ ಬೇರೆಯಾ ಅಂತ ಕೇಳಿ ಬರೆಸಿಕೊಳ್ಳಿ.

ಆದರೆ ಮುಖ್ಯವಾದ ಪ್ರಶ್ನೆ ಬೇರೆ: ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಾಗದ, ಕೇಸು ನಡೆಸಿದ್ದೀರಾ? ನಮ್ಮ ಅಮ್ಮನ ಕೇಸಿನಲ್ಲಿ ಮೊದಲನೇ ವಕೀಲರು ಪಹಣಿಯನ್ನೇ ನೋಡಲಿಲ್ಲ. ಸುಮ್ನೆ ಒಂದು ವರ್ಷ ಹೋಯಿತು. ಎರಡನೆಯವರು ಪಹಣಿಯನ್ನು ಮೇಜಿನ ಮೇಲೆ ಹರಡಿ, ಒಂದೊಂದು ಹೆಸರಿಗೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ "ಇವರು ಇದ್ದಾರಾ? ಮಕ್ಕಳು ಯಾರು?" ಎಂದು ಕೇಳಿದರು. ಪಟ್ಟೇದಾರರಾಗಿದ್ದ, ಅಂದರೆ ಕುಟುಂಬದ ಪರವಾಗಿ ಜಾಗದ ದಾಖಲೆಯಲ್ಲಿ ಮುಖ್ಯಸ್ಥರಾಗಿದ್ದ, ಅಜ್ಜ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು, ಹೆಸರು ಮಾತ್ರ ಹಾಗೇ ಇತ್ತು. ಒಕ್ಕದವರನ್ನೆಲ್ಲ (ಒಂದೇ ಮೂಲದ ಕುಟುಂಬದವರನ್ನೆಲ್ಲ) ಸೇರಿಸಿ ವಂಶವೃಕ್ಷ ಬರೆದ ಮೇಲೇ ಕೇಸು ಮುಂದೆ ಹೋಯಿತು. ನೀವೂ ಪಹಣಿ, ವಂಶವೃಕ್ಷ, ಅಪ್ಪನ ಮರಣ ಪ್ರಮಾಣಪತ್ರ ಹಿಡಿದೇ ಹೋಗಿ.

ಕೇಸು ಹಾಕುವ ಅವಧಿ ಮೀರಿದೆಯಾ ಅಂತಲೂ ಕೇಳಿ. ಕೂಡುಕುಟುಂಬದ ಆಸ್ತಿಯಿಂದ ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ ಲೆಕ್ಕ.

ದುಡ್ಡಿನ ಚಿಂತೆ ಇದ್ದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ವಕಾಲತ್ತಿಗೆ (ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಕೊಡುವ ಪತ್ರಕ್ಕೆ) ಓದದೆ ಸಹಿ ಹಾಕಬೇಡಿ ಅಕ್ಕಾ. ಖಾಲಿ ಹಾಳೆಗಂತೂ ಬೇಡವೇ ಬೇಡ.